ಮೂರೂವರೆ ಲೀಟರ್ ಎಂಜಿನ್ ಆಯಿಲ್

"ಯಾವ ಗಾಡಿಗೆ ಮೇಡಂ?"

ಅಂಗಡಿಯಾತ ಇದನ್ನು ಎರಡನೆಯ ಸಲ ಕೇಳುತ್ತಿದ್ದ. ಅವಳು ಕಾರಿನ ಹೆಸರು ಹೇಳಿದಳು. ಎಷ್ಟನೇ ಇಸವಿಯದು, ಎಷ್ಟು ಕಿಲೋಮೀಟರ್ ಓಡಿದೆ, ಹೋದ ಸಲ ಯಾವ ಆಯಿಲ್ ಹಾಕ್ಸಿದ್ರಿ ಎಂದು ಅವನು ಒಂದರ ಬೆನ್ನಿಗೊಂದು ಕೇಳಿದಾಗ ಮಾತ್ರ "ಹಳೇದು" ಎಂದಷ್ಟೇ ಹೇಳಿದಳು. ಹೇಳಿದ ಮೇಲೆ ಅದು ಅವಳಿಗೇ ಪೆದ್ದುಪೆದ್ದಾಗಿ ಕೇಳಿಸಿತು. ಇಪ್ಪತ್ತಾರು ವರ್ಷ ದೊಡ್ಡಾಸ್ಪತ್ರೆಯ ಔಷಧದ ಕಿಟಕಿಯ ಒಳಗೆ ಕೂತವಳು ಅವಳು; 'ಮಾತ್ರೆ ಮೇಡಂ' ಎಂದೇ ಹೆಸರು. ಕಿಟಕಿಯ ಆಚೆ ನಿಂತವರು ಹೀಗೇ ಹೇಳುತ್ತಿದ್ದರು. ಯಾವ ಮಾತ್ರೆ ತಗೊಳ್ತಿದ್ರಿ ಅಂದರೆ ಬಿಳೀದು, ಎಷ್ಟು ದಿನದಿಂದ ಅಂದರೆ ಆವಾಗಿಂದ. ಆಗ ಅವಳು ಕನ್ನಡಕದ ಮೇಲಿನಿಂದ ನೋಡುತ್ತಿದ್ದ ನೋಟವೊಂದಿತ್ತು. ಅದೇ ನೋಟ ಈಗ ಕೌಂಟರಿನ ಆಚೆಯಿಂದ ತನ್ನ ಮೇಲೆ ಬೀಳುತ್ತಿದೆ ಎನಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಹಿಂದೆ ನಿಂತಿದ್ದ ಟ್ಯಾಕ್ಸಿಯವನು ಗಂಟಲು ಸರಿಮಾಡಿಕೊಂಡ. "ಸ್ವಲ್ಪ ಈ ಕಡೆ ಬನ್ನಿ ಮೇಡಂ, ನೋಡ್ತಾ ಇರಿ. ಅವರದ್ದು ಮುಗಿಸಿಬಿಡ್ತೀನಿ" ಎಂದು ಅಂಗಡಿಯಾತ ಕೈ ತೋರಿಸಿದ. ಟ್ಯಾಕ್ಸಿಯವನು ಎರಡೇ ಮಾತಿನಲ್ಲಿ ತನಗೆ ಬೇಕಾದ್ದನ್ನು ಹೇಳಿ ಡಬ್ಬಿ ಹಿಡಿದು ಹೋದ.

ಗೋಡೆಯುದ್ದಕ್ಕೂ ಡಬ್ಬಿಗಳು. ಮೇಲಿನ ಸಾಲಿನಲ್ಲಿ ಚಿನ್ನದ ಬಣ್ಣದವು, ಅವುಗಳ ಕೆಳಗೆ ಕೆಂಪು, ಅದರ ಕೆಳಗೆ ನೀಲಿ. ಎಲ್ಲಕ್ಕಿಂತ ಕೆಳಗೆ, ನೆಲ ಗುಡಿಸುವಾಗ ಪೊರಕೆ ತಾಗುವಷ್ಟು ಕೆಳಗೆ, ಧೂಳು ಹಿಡಿದ ಬೂದು ಡಬ್ಬಿಗಳು. ಬೆಲೆಯೂ ಅದೇ ಕ್ರಮದಲ್ಲಿ ಇಳಿಯುತ್ತಿತ್ತು. ಚಿನ್ನದ್ದನ್ನು ಕೌಂಟರಿನ ಮೇಲೆ ಇಟ್ಟು ಅಂಗಡಿಯಾತ, "ಎಂಜಿನ್ ಅಂದ್ರೆ ಹೃದಯ ಇದ್ದ ಹಾಗೆ. ಆಯಿಲ್ ಅಂದ್ರೆ ರಕ್ತ. ರಕ್ತದಲ್ಲಿ ಯಾರಾದ್ರೂ ಚೌಕಾಸಿ ಮಾಡ್ತಾರಾ?" ಎಂದ. ಮಾತು ಬಾಯಿಪಾಠವಾಗಿತ್ತು; ಆದರೂ ಚುಚ್ಚಿತು. ಒಮ್ಮೆ ಒಬ್ಬ ಮುದುಕಿ ಅವಳು ಕೊಟ್ಟ ಅಗ್ಗದ ಮಾತ್ರೆಯ ಪಟ್ಟಿಯನ್ನು ಕಿಟಕಿಯೊಳಗೇ ತಿರುಗಿ ಎಸೆದಿದ್ದಳು, "ನಮ್ಮಂಥೋರಿಗೆ ಅಂತ ಬೇರೆ ಮಾಡ್ಸಿಟ್ಟಿದೀರಾ?" ಎಂದು. ಅವಳು ಸಮಾಧಾನದಿಂದಲೇ ಹೇಳಿದ್ದಳು: ಅಜ್ಜಿ, ಒಳಗಿರೋ ಔಷಧ ಇದ್ರಲ್ಲೂ ದುಬಾರೀದ್ರಲ್ಲೂ ಒಂದೇ, ಹೊರಗಿನ ಹೆಸರು ಬೇರೆ ಅಷ್ಟೆ. ದಿನಕ್ಕೆ ಮೂವತ್ತು ಸಲ ಹೇಳುತ್ತಿದ್ದ ಮಾತು. ನಿಜವಾದ ಮಾತು. ಅದನ್ನು ಕೇಳಿಸಿಕೊಳ್ಳುವವರ ಹೊಟ್ಟೆಯಲ್ಲಿ ಏನಾಗುತ್ತಿರಬಹುದು ಎಂದು ಮಾತ್ರ ಅವಳು ಯೋಚಿಸಿರಲಿಲ್ಲ. ಅಗ್ಗದ್ದನ್ನು ಕೈಗೆತ್ತಿಕೊಳ್ಳುವವನಿಗೆ ತಾನು ಯಾರ ಮೇಲಿನ ಪ್ರೀತಿಯನ್ನೋ ಕಡಿಮೆ ಬೆಲೆಗೆ ಮುಗಿಸುತ್ತಿದ್ದೇನೆ ಎಂಬ ಅಳುಕು ಇರುತ್ತದೆ. ಆ ಅಳುಕಿಗೆ ಕಿಟಕಿಯಲ್ಲಿ ಮದ್ದಿರಲಿಲ್ಲ.

ಮೆಕ್ಯಾನಿಕ್ ನಿನ್ನೆ ಹೇಳಿದ್ದು ಬೇರೆ. ನಾಲ್ಕು ತಿಂಗಳಿಂದ ಶೆಡ್ಡಿನಲ್ಲಿ ನಿಂತಿದ್ದ ಕಾರಿನ ಅಡಿ ಮಲಗಿ, ಹಳೆಯ ಆಯಿಲ್ ಇಳಿಸಿ, ಒಣಗಿ ಬಿರಿದಿದ್ದ ಸೀಲನ್ನು ಬದಲಿಸಿ, ಫಿಲ್ಟರ್ ಹಾಕಿ, ತನ್ನ ಹತ್ತಿರವಿದ್ದ ಬ್ಯಾಟರಿ ಜೋಡಿಸಿ ಹೊರಬಂದವನು, "ದುಬಾರಿ ಆಯಿಲ್ ಏನೂ ಬೇಡಮ್ಮ. ದಿನಾ ಓಡ್ಸೋ ಸಣ್ಣ ಗಾಡಿ. ಕಂಪನಿಯವರ ಪುಸ್ತಕದಲ್ಲಿ ಒಂದು ನಂಬರ್ ಕೊಟ್ಟಿರ್ತಾರೆ, ಆ ನಂಬರ್‌ದು ತಂದ್ರೆ ಸಾಕು. ಹೊತ್ತುಹೊತ್ತಿಗೆ ಬದಲಾಯಿಸ್ತಾ ಇರಬೇಕು, ಅದೇ ಮುಖ್ಯ" ಎಂದಿದ್ದ. ಆಮೇಲೆ ಬಾಣಲೆಯಲ್ಲಿದ್ದ ಹಳೆಯ ಆಯಿಲಿನೊಳಗೆ ಕಡ್ಡಿ ಅದ್ದಿ ಎತ್ತಿ ತೋರಿಸಿದ. ಅದು ತೊಟ್ಟಿಕ್ಕಲಿಲ್ಲ, ಕಡ್ಡಿಗೆ ಅಂಟಿಕೊಂಡೇ ಇತ್ತು. "ಡಾಂಬರ್ ಆಗಿದೆ ನೋಡಿ. ಎರಡು ವರ್ಷದಿಂದ ಇದನ್ನ ಯಾರೂ ಮುಟ್ಟಿಲ್ಲ. ಸೋರಿ ಸೋರಿ ಇಷ್ಟೇ ಉಳಿದಿದೆ." ಅವಳು ತಲೆಯಾಡಿಸಿದ್ದಳು. ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಗಂಡ ಆ ಕಡೆ ನೋಡಲಿಲ್ಲ. ಬಾಣಲೆಯನ್ನು ಎತ್ತಿಕೊಂಡು ಮೆಕ್ಯಾನಿಕ್ ಅವನ ಮುಂದೆಯೇ ಹಾದುಹೋದಾಗ ಅವನು ಎಡಗೈಯಿಂದ ತನ್ನ ಸ್ವಾಧೀನ ತಪ್ಪಿದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ. ಇವತ್ತು ಬೆಳಿಗ್ಗೆ ಮೆಕ್ಯಾನಿಕ್ ಫೋನ್ ಮಾಡಿ, ಎಲ್ಲೋ ಲಾರಿಯೊಂದು ಕೆಟ್ಟು ನಿಂತಿದೆ, ಬರುವುದಕ್ಕಾಗುವುದಿಲ್ಲ ಎಂದ. "ನೀವೇ ಸುರೀರಿ ಅಮ್ಮ. ಅದೇನು ಬ್ರಹ್ಮವಿದ್ಯೆ ಅಲ್ಲ." ಮತ್ತೆ ನಾಳೆಗೆ ಮುಂದೂಡಬಹುದಲ್ಲ ಎಂದು ಮನಸ್ಸು ಎಷ್ಟು ಸಲೀಸಾಗಿ ಹಗುರಾಯಿತು! ಆ ಹಗುರವನ್ನು ಕಂಡು ಹೆದರಿಯೇ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದದ್ದು.

ಪುಸ್ತಕ ಚೀಲದಲ್ಲಿತ್ತು. ಕಾರಿನ ಡ್ರಾಯರಿನಿಂದ ಹೊರಡುವಾಗ ತೆಗೆದುಕೊಂಡದ್ದು. ಅಂಗಡಿಯ ಮೂಲೆಯಲ್ಲಿದ್ದ ಸ್ಟೂಲಿನ ಮೇಲೆ ಕೂತು ಪುಟ ತಿರುಗಿಸಿದಳು. ಆಯಿಲಿನ ಪುಟ ತಾನಾಗಿ ತೆರೆದುಕೊಂಡಿತು, ಅಷ್ಟು ಸಲ ಅದನ್ನು ತೆರೆದಿದ್ದ ಗಂಡ. ಅಚ್ಚಾದ ಸಾಲಿನಲ್ಲಿ ನಂಬರ್ ಇತ್ತು: ಹತ್ತು, ಡಬ್ಲ್ಯೂ, ಮೂವತ್ತು. ಅದರ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆದ ತಾರೀಖುಗಳ ಉದ್ದನೆಯ ಕಂಬ. ಇರುವೆಗಳ ಸಾಲಿನಂಥ ಆ ಅಕ್ಷರ ಅವನದೇ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ಅಂಗಡಿಗಳಿಗೆ ಹೋಗಿ ತಕ್ಕಡಿ, ಬಟ್ಟು, ಲೀಟರಿನ ಪಾತ್ರೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಕೆಲಸ. ಗುಂಜಿಯಷ್ಟು ವ್ಯತ್ಯಾಸಕ್ಕೂ ಮುಖ ಸಿಂಡರಿಸುತ್ತಿದ್ದವನು. ಆರು ತಿಂಗಳಿಗೊಂದು ತಾರೀಖು, ಒಂದೂ ತಪ್ಪಿಲ್ಲ. ಹೋದ ವರ್ಷದ ಎರಡು ತಾರೀಖುಗಳೂ ಇದ್ದವು. ಅವಳ ಬೆರಳು ಅಲ್ಲಿಗೆ ಬಂದು ನಿಂತಿತು. ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ ಎಂದಿದ್ದನಲ್ಲ. ಹೋದ ವರ್ಷದ ಆ ಭಾನುವಾರಗಳು ಅವಳಿಗೆ ನೆನಪಿದ್ದವು. ಹಳೇ ಬನಿಯನ್ ಹಾಕಿಕೊಂಡು ಶೆಡ್ಡಿಗೆ ಹೋಗಿ, ಒಂದು ಗಂಟೆಯ ಮೇಲೆ ಕೈ ಕಪ್ಪು ಮಾಡಿಕೊಂಡು ಬಂದು, "ಸೋಪು ಕೊಡು" ಎಂದು ಹಿತ್ತಲ ನಲ್ಲಿಯ ಹತ್ತಿರ ನಿಂತಿದ್ದ. ಕಾರಿನ ಅಡಿ ನುಸುಳುವುದಕ್ಕೆ ಮೈ ಬಗ್ಗದೆ, ಬಗ್ಗದ್ದನ್ನು ಹೇಳಿಕೊಳ್ಳಲಾರದೆ, ಆ ಒಂದು ಗಂಟೆ ಅವನು ಶೆಡ್ಡಿನಲ್ಲಿ ಏನು ಮಾಡುತ್ತಿದ್ದನೋ. ಬಾನೆಟ್ ಎತ್ತಿ ಸುಮ್ಮನೆ ನಿಂತಿದ್ದನೇ? ಚಿಂದಿಬಟ್ಟೆಗೆ ಕೈ ಒರೆಸಿ ಕಪ್ಪು ಮಾಡಿಕೊಂಡನೇ? ಅವಳ ಎದೆಯಲ್ಲಿ ಮೊದಲು ಎದ್ದದ್ದು ಕನಿಕರವಲ್ಲ. ಗೆಲುವು. ಹಾಗಾದರೆ ಅವತ್ತು ಕಾರಿನಲ್ಲಿ ಆಯಿಲಿನ ಕೆಂಪು ದೀಪ ಹತ್ತಿದ್ದು ನಿಮ್ಮಿಂದ. ನೀವು ಸುಳ್ಳು ಬರೆದದ್ದರಿಂದ. ನನ್ನಿಂದಲ್ಲ. ಆ ಗೆಲುವು ಎಷ್ಟು ಜೋರಾಗಿ ಎದ್ದಿತೆಂದರೆ ಅವಳು ತಲೆಯೆತ್ತಿ ಅಂಗಡಿಯಾತ ತನ್ನನ್ನು ನೋಡುತ್ತಿದ್ದಾನೆಯೇ ಎಂದು ಪರೀಕ್ಷಿಸಿದಳು. ಅವನು ಯಾರಿಗೋ ಬಲ್ಬು ಸುತ್ತಿಕೊಡುತ್ತಿದ್ದ. ಅವಳು ಪುಸ್ತಕ ಮುಚ್ಚಿದಳು. ಮಾತು ಕಳೆದುಕೊಂಡ ಮನುಷ್ಯನ ಮೇಲೆ ಸಾಕ್ಷಿ ಹುಡುಕಿಕೊಂಡು ಸಂತೋಷಪಡುವಷ್ಟರ ಮಟ್ಟಿಗೆ ತಾನು ಇಳಿದೆನಲ್ಲ.

ನಾಲ್ಕು ತಿಂಗಳ ಹಿಂದೆ, ಅವತ್ತೂ ಭಾನುವಾರವೇ. ಮಧ್ಯಾಹ್ನ ಊಟದ ಮೇಲೆ ಗಂಡನ ಕೈಯಿಂದ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನ ತುಟಿಯ ಬಲತುದಿ ಕೆಳಗೆ ಜಗ್ಗಿದ್ದನ್ನು ಅವಳು ಅಡುಗೆಮನೆಯ ಬಾಗಿಲಿನಿಂದಲೇ ಕಂಡಳು. ಕಂಡ ಕೂಡಲೇ ಅವಳಿಗೆ ಗೊತ್ತಾಯಿತು. ಆಸ್ಪತ್ರೆಯ ಗೋಡೆಯ ಮೇಲೆ, ಅವಳ ಕಿಟಕಿಯ ಎದುರಿಗೇ, ಆ ಚಿತ್ರ ಅಂಟಿಸಿತ್ತು: ಸೊಟ್ಟಗಾದ ಮುಖ, ಜೋತ ತೋಳು, ಒಂದು ಗಡಿಯಾರ. ಎಷ್ಟು ವರ್ಷ ಅದನ್ನು ನೋಡಿದ್ದಾಳೆ. ಹೇಗೋ ಅವನನ್ನು ಕಾರಿನೊಳಗೆ ತಂದು ಕೂರಿಸಿ, ಬೆಲ್ಟ್ ಬಿಗಿದು ಹೊರಟಳು. ಭಾನುವಾರದ ರಸ್ತೆ ತೊಳೆದಿಟ್ಟ ಹಾಗೆ ಖಾಲಿ. ಆಸ್ಪತ್ರೆ ಅದೇ ರಸ್ತೆಯ ಕೊನೆಗೆ, ಇನ್ನು ಹತ್ತು ನಿಮಿಷ. ಆಗ ಸ್ಟಿಯರಿಂಗಿನ ಹಿಂದೆ ಕೆಂಪು ದೀಪ ಹತ್ತಿತು. ಪುಟ್ಟ ಗಿಂಡಿಯಂಥ ಚಿತ್ರ, ಅದರ ಮೂತಿಯಲ್ಲೊಂದು ಹನಿ. ಡ್ರೈವಿಂಗ್ ಕಲಿಸುವಾಗ ಅವನು ಅದನ್ನು ಎಷ್ಟು ಸಲ ಹೇಳಿದ್ದ: "ಬೇರೆ ಯಾವ ದೀಪ ಬಂದ್ರೂ ಮನೆಗೆ ಬಂದು ಹೇಳು. ಇದೊಂದು ಬಂತು ಅಂದ್ರೆ ಅಲ್ಲೇ ನಿಲ್ಲಿಸು. ಒಂದಡಿ ಮುಂದೆ ಹೋಗ್ಬೇಡ. ಎಂಜಿನ್ ಹಿಡ್ಕೊಂಡ್ರೆ ಗಾಡಿ ಗುಜರಿಗೆ." ಒಮ್ಮೆ ಹ್ಯಾಂಡ್ ಬ್ರೇಕ್ ಇಳಿಸದೆ ಓಡಿಸಿಕೊಂಡು ಬಂದದ್ದಕ್ಕೆ ಪಕ್ಕದ ಮನೆಯವರ ಎದುರಿಗೇ, "ಸಾವಿರ ಜನಕ್ಕೆ ಔಷಧ ಕೊಡೋಳಿಗೆ ಇಷ್ಟು ನೋಡ್ಕೊಳೋಕಾಗಲ್ವಾ?" ಎಂದು ನಕ್ಕಿದ್ದ. ಅವರೂ ನಕ್ಕಿದ್ದರು. ಆ ನಗು ಇಷ್ಟು ವರ್ಷ ಅವಳ ಪಾದದಲ್ಲಿ ಕೂತಿತ್ತೋ ಏನೋ. ದೀಪ ಕಂಡದ್ದೇ ಪಾದ ಬ್ರೇಕಿನ ಮೇಲೆ ಹೋಯಿತು. ತಲೆ ಹೇಳುವ ಮೊದಲೇ ಗಾಡಿ ರಸ್ತೆಯ ಬದಿಗೆ ನಿಂತಿತ್ತು, ಕೀಲಿ ಅವಳ ಕೈಯಲ್ಲಿತ್ತು. ಪಕ್ಕದಲ್ಲಿ ಅವನು ಎಡಗೈಯಿಂದ ಮುಂದಿನ ಹಲಗೆಯನ್ನು ಬಡಿಯುತ್ತಿದ್ದ. ಬಾಯಿಂದ ಬರುತ್ತಿದ್ದದ್ದು ಒಂದೇ ಸದ್ದು, "ಬ, ಬ." ನಿಲ್ಲಿಸು ಎಂದು ಬಡಿದನೇ, ಹೋಗು ಎಂದು ಬಡಿದನೇ? ಅವಳು ಇಳಿದು ಕೈಯೆತ್ತಿ ನಿಂತಳು. ಆಂಬುಲೆನ್ಸಿನವರು ಫೋನಿನಲ್ಲಿ ಈಗ ಬಂದೆವು ಎಂದರು. ಎರಡು ಕಾರುಗಳು ನಿಧಾನ ಮಾಡಿ, ನೋಡಿ, ಹೋದವು. ಕೊನೆಗೆ ಸೋಫಾ ಸಾಗಿಸುತ್ತಿದ್ದ ಟೆಂಪೊದವನು ನಿಲ್ಲಿಸಿ, ಪ್ಲಾಸ್ಟಿಕ್ ಹೊದಿಸಿದ ಹೊಸ ಸೋಫಾದ ಮೇಲೆ ಅವನನ್ನು ಮಲಗಿಸಿ ಕರೆದುಕೊಂಡು ಹೋದ. ನಲವತ್ತು ನಿಮಿಷ. ಎಂಜಿನ್ ಉಳಿಯಿತು.

"ಇನ್ನೂ ಸ್ವಲ್ಪ ಬೇಗ ಬಂದಿದ್ರೆ ಇಷ್ಟು ಆಗ್ತಿರ್ಲಿಲ್ಲವೇನೋ. ನಿಮಗೆ ಹೇಳೋದೇನಿದೆ ಮೇಡಂ, ನಿಮಗೇ ಗೊತ್ತು" ಎಂದಿದ್ದರು ಡಾಕ್ಟರು. ದಿನಾ ಅವಳ ಕಿಟಕಿಯ ಮುಂದೆ ಹಾದುಹೋಗುವಾಗ ನಮಸ್ಕಾರ ಹೇಳುತ್ತಿದ್ದವರು. ಆ ಮಾತಿನ ಕೊನೆಯ 'ವೇನೋ' ಒಂದನ್ನೇ ಅವಳು ಎಷ್ಟೋ ದಿನ ತಿರುಗಿಸಿ ತಿರುಗಿಸಿ ನೋಡಿದ್ದಳು. ಯಾಕೆ ತಡವಾಯಿತು ಎಂದು ಅವರು ಕೇಳಿದ್ದಕ್ಕೆ ಅವಳು "ದಾರೀಲಿ ಟ್ರಾಫಿಕ್" ಎಂದುಬಿಟ್ಟಳು. ಭಾನುವಾರ ಮಧ್ಯಾಹ್ನದ ಟ್ರಾಫಿಕ್. ಅವರು ಹಾಗೇ ಬರೆದುಕೊಂಡರು. ಆಸ್ಪತ್ರೆಗೆ ಓಡಿಬಂದ ನಾದಿನಿಗೂ ಅದನ್ನೇ ಹೇಳಿದಳು, ನಾದಿನಿ ಊರಿಗೆಲ್ಲ ಅದನ್ನೇ ಹೇಳಿದಳು. ರಸ್ತೆಗಳನ್ನೂ ಸರ್ಕಾರವನ್ನೂ ಎಲ್ಲರೂ ಬೈದರು. ಪ್ರತಿಸಲ ಆ ಮಾತು ಬಂದಾಗಲೂ ಅವನು ಅಲ್ಲೇ ಮಂಚದ ಮೇಲೆ ಇದ್ದ, ಕಣ್ಣು ಬಿಟ್ಟುಕೊಂಡು. ಎಲ್ಲ ಅರ್ಥವಾಗುತ್ತದೆ ಅವರಿಗೆ, ಹೇಳೋದಕ್ಕೆ ಮಾತು ಸಿಗಲ್ಲ ಅಷ್ಟೆ, ಎಂದಿದ್ದರು ಡಾಕ್ಟರು. ಆ ರಸ್ತೆಬದಿಯ ನಲವತ್ತು ನಿಮಿಷಕ್ಕೆ ಇದ್ದವನು ಅವನೊಬ್ಬನೇ ಸಾಕ್ಷಿ. ಅವನ ಬಾಯಿಗೇ ಬೀಗ ಬಿದ್ದಿತ್ತು. ಅವನಿಗೆ ಅನ್ನ ಕಲಸಿ ತಿನ್ನಿಸುವಾಗ, ಮೈ ಒರೆಸುವಾಗ, ಅವಳು ಅವನ ಕಣ್ಣನ್ನು ತಪ್ಪಿಸಿ ಗದ್ದವನ್ನು ಮಾತ್ರ ನೋಡುವುದನ್ನು ರೂಢಿಮಾಡಿಕೊಂಡಳು. ನೋಡಿದವರು, ಎಂಥಾ ಸೇವೆ ಮಾಡ್ತಾಳಪ್ಪ, ಎಂದರು.

ಆಮೇಲೆ ಮಾತಿನ ಟೀಚರ್. ಮಾತು ಹೋದವರಿಗೆ ಮಾತು ಕಲಿಸುವ ಆ ಹುಡುಗಿಗೆ ಅವಳೇ ಇಟ್ಟುಕೊಂಡ ಹೆಸರದು. ವಾರಕ್ಕೆ ಎರಡು ಸಲ ಕರೆದುಕೊಂಡು ಬನ್ನಿ ಎಂದಿದ್ದಳು. ಆಟೊದಲ್ಲಿ ಐದು ಸಲ ಹೋದರು. ಮೊದಲ ಸಲ ಅವನು "ನೀರು" ಎಂದಾಗ ಅವಳಿಗೆ ಅಳು ಬಂತು. ಮೂರನೆಯ ಸಲ "ಬಾಗಿಲು", "ಹಾಕು". ಐದನೆಯ ಸಲ, ಟೀಚರ್ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತುತ್ತಿದ್ದಾಗ, ಕಾರಿನ ಚಿತ್ರ ಬಂತು. ಅವನು ಅದನ್ನು ನೋಡಿದ, ಆಮೇಲೆ ಅವಳನ್ನು ನೋಡಿದ, ಬಾಯಿ ತೆರೆದ. "ಕಾರು" ಎಂದು ಅವಳೇ ಹೇಳಿಬಿಟ್ಟಳು. "ನೀವು ಹೇಳಿಕೊಡಬಾರದು ಆಂಟಿ. ಎಷ್ಟೊತ್ತಾದ್ರೂ ಕಾಯಬೇಕು" ಎಂದಳು ಟೀಚರ್. ಮನೆಗೆ ಬಂದ ಮೇಲೆ, ಆಟೊಕ್ಕೆ ಹತ್ತಿಸಿ ಇಳಿಸುವುದು ನನ್ನ ಕೈಲಾಗಲ್ಲ, ಕಾರು ರಿಪೇರಿ ಆಗಲಿ, ಆಮೇಲೆ ಬರ್ತೀವಿ, ಎಂದು ಫೋನ್ ಮಾಡಿ ತಿಳಿಸಿದಳು. ಸುಳ್ಳಲ್ಲ, ಅವಳ ಸೊಂಟ ನಿಜವಾಗಿಯೂ ನೋಯುತ್ತಿತ್ತು. ಕಾರು ರಿಪೇರಿ ಆಗಲಿಲ್ಲ. ಮೆಕ್ಯಾನಿಕ್‌ಗೆ ಹೇಳಬೇಕು, ಯಾವ ಆಯಿಲ್ ಎಂದು ಯಾರನ್ನಾದರೂ ವಿಚಾರಿಸಬೇಕು, ಅಗ್ಗದ್ದು ಹಾಕಿದರೆ ಹಾಳಾದೀತು, ದುಬಾರಿಯದು ಈಗ ಬೇಡ, ತಿಳಿದವರು ಸಿಗಲಿ. ಹೀಗೆ ಎರಡು ತಿಂಗಳು ಕಳೆಯಿತು. ಮೊನ್ನೆ ಟೀಚರ್ ತಾನಾಗಿಯೇ ಫೋನ್ ಮಾಡಿದಳು. "ಮೊದಲ ಆರು ತಿಂಗಳು ಮುಖ್ಯ ಆಂಟಿ. ಈಗ ಬರೋ ಮಾತು ಈಗ್ಲೇ ಬರಬೇಕು. ಆಮೇಲೆ ನಾನು ತಲೆ ಕೆಳಗೆ ಮಾಡಿ ನಿಂತ್ರೂ ಬರಲ್ಲ." ಫೋನ್ ಇಟ್ಟ ಮೇಲೆ ಅವಳು ಮೆಕ್ಯಾನಿಕ್‌ನ ನಂಬರ್ ಹುಡುಕಿದಳು. ಒಂದು ಸಲ ನಿಲ್ಲಿಸಿದ್ದು ಪಾದ. ಈ ಎರಡು ತಿಂಗಳು ನಿಲ್ಲಿಸಿಟ್ಟದ್ದು ಯಾರು?

ಸ್ಟೂಲಿನಿಂದ ಎದ್ದು ಬೂದು ಡಬ್ಬಿಯೊಂದನ್ನು ಎಳೆದು, ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಾತ್ರೆಯ ಪಟ್ಟಿಯ ಹಿಂದಿನಂಥದೇ ಸಣ್ಣ ಅಕ್ಷರ. ಇದನ್ನು ಓದುವುದು ಅವಳಿಗೆ ಗೊತ್ತಿತ್ತು. ಹತ್ತು, ಡಬ್ಲ್ಯೂ, ಮೂವತ್ತು. ಅದರ ಕೆಳಗೆ ಗುಣಮಟ್ಟದ ದರ್ಜೆ ಹೇಳುವ ಎರಡು ಅಕ್ಷರ, ಪುಸ್ತಕದಲ್ಲಿ ಕೇಳಿದ್ದಕ್ಕಿಂತ ಹೊಸ ದರ್ಜೆ. ತಯಾರಾದ ತಿಂಗಳು. ಮೂರೂವರೆ ಲೀಟರ್. ಚಿನ್ನದ ಡಬ್ಬಿಯನ್ನೂ ತಿರುಗಿಸಿ ನೋಡಿದಳು. ಅದರ ನಂಬರೇ ಬೇರೆ, ಇನ್ನೂ ತೆಳುವಾದ ಆಯಿಲ್, ಯಾವುದೋ ದೊಡ್ಡ ಹೊಸ ಗಾಡಿಗೆ ಮಾಡಿದ್ದು. "ಇದು ಕೊಡಿ" ಎಂದು ಬೂದು ಡಬ್ಬಿ ಮುಂದಿಟ್ಟಳು. ಅಂಗಡಿಯಾತ ಹುಬ್ಬು ಹಾರಿಸಿ, "ನಿಮ್ಮಿಷ್ಟ. ಆಮೇಲೆ ನನ್ನ ಬಂದು ಕೇಳ್ಬೇಡಿ" ಎಂದ. "ಇದ್ರಲ್ಲಿ ಏನು ಬರ್ದಿದೆಯೋ ಅದು ಒಳಗಿದೆ ತಾನೆ?" ಎಂದಳು ಅವಳು, ಕಿಟಕಿಯೊಳಗಿನ ದನಿಯಲ್ಲಿ. ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿ, "ಮಾತ್ರೆ ಮೇಡಂ ಅಲ್ವಾ ನೀವು? ನಮ್ಮಮ್ಮಂಗೆ ಸಕ್ಕರೆ ಮಾತ್ರೆ ನಿಮ್ಮ ಹತ್ರಾನೇ ತರ್ತಿದ್ದೆ" ಎಂದ. ದನಿ ಇಳಿದಿತ್ತು. "ಒಳಗಿದೆ ಮೇಡಂ. ಒಳ್ಳೇದೇ ಇದು. ಕಮಿಷನ್ ಇಲ್ಲ ಅಂತ ಕೆಳಗಿಟ್ಟಿರ್ತೀವಿ." ಡಬ್ಬಿಯನ್ನು ಎತ್ತಿಕೊಂಡು ರಸ್ತೆಗೆ ಬಂದಾಗ ಅದು ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಬೇಕಾದ್ದು, ಅವಳ ಕೈಗೆಟಕುವ ಬೆಲೆಯಲ್ಲಿ, ಮನೆಯಿಂದ ಕಾಲು ಮೈಲಿ ದೂರದಲ್ಲಿ, ಈ ನಾಲ್ಕು ತಿಂಗಳೂ ಇತ್ತು.

ಶೆಡ್ಡಿನ ಮುಂದೆ ಕುರ್ಚಿ ಹಾಕಿ ಗಂಡನನ್ನು ಕೂರಿಸಿದಳು. ಅವನು ಎಡಗೈ ಚಾಚಿ ಡಬ್ಬಿಯನ್ನು ಕೇಳಿದ. ತೊಡೆಯ ಮೇಲೆ ಇಟ್ಟಳು. ಹೆಸರು ನೋಡಲಿಲ್ಲ ಅವನು, ನೇರ ಹಿಂಬದಿಗೆ ತಿರುಗಿಸಿ ಹೆಬ್ಬೆರಳಿನಿಂದ ನಂಬರನ್ನು ಹುಡುಕಿದ. ಸಿಕ್ಕಿದ ಮೇಲೆ ತಲೆಯಾಡಿಸಿ ವಾಪಸು ಕೊಟ್ಟ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ತಂದ ವಸ್ತುವೊಂದು ತಕರಾರಿಲ್ಲದೆ ಪಾಸಾದದ್ದು ಇದೇ ಮೊದಲೇನೋ. ಬಾನೆಟ್ ಎತ್ತಿ, ಮುಚ್ಚಳ ತಿರುಗಿಸಿ ತೆಗೆದು, ಅಡುಗೆಮನೆಯ ಲಾಳಿಕೆಯನ್ನು ಅದರ ಬಾಯಿಗಿಟ್ಟು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಆಯಿಲ್ ಜೇನಿನ ಬಣ್ಣಕ್ಕಿತ್ತು, ಸದ್ದಿಲ್ಲದೆ ಇಳಿಯುತ್ತಿತ್ತು. ಅದು ಇಳಿಯುವುದನ್ನೇ ನೋಡುತ್ತ, ಅವನಿಗೆ ಬೆನ್ನು ಹಾಕಿಯೇ, ಎಂಜಿನ್ನಿಗೆ ಹೇಳುವವಳ ಹಾಗೆ ಹೇಳತೊಡಗಿದಳು.

"ರೀ, ಅವತ್ತು ನಾನು ನಿಲ್ಲಿಸಬಾರದಿತ್ತು. ಹತ್ತು ನಿಮಿಷ. ಹೆಚ್ಚಂದ್ರೆ ಎಂಜಿನ್ ಹೋಗ್ತಿತ್ತು, ಹೋಗ್ಲಿ. ನಂಗೆ ಗೊತ್ತಿತ್ತು, ನಿಮ್ಗೆ ಏನಾಗ್ತಿದೆ ಅಂತ ಚೆನ್ನಾಗಿ ಗೊತ್ತಿತ್ತು. ಆದ್ರೂ ನಿಲ್ಲಿಸ್ದೆ. ನೀವು ಬೈತೀರಿ ಅಂತ ನಿಲ್ಲಿಸ್ದೆ, ಅದೂ ಅಂಥಾ ಹೊತ್ತಲ್ಲಿ. ಆಮೇಲೆ ಎಲ್ರಿಗೂ ಟ್ರಾಫಿಕ್ ಅಂದೆ, ನಿಮ್ಮ ಎದುರಿಗೇ ಅಂದೆ. ಮತ್ತೆ ಈ ಎರಡು ತಿಂಗಳು... ನೀವು ಮಾತು ಕಲಿತ್ರೆ ಎಲ್ಲಿ ಹೇಳ್ತೀರೋ ಅಂತ ಹೆದರಿ ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ಲಿಲ್ಲ. ಸೊಂಟ ನೋವು ಇತ್ತು. ಆದ್ರೆ ಸೊಂಟ ನೋವಿಗಲ್ಲ."

ಹಿಂದಿನಿಂದ ಕುರ್ಚಿ ಕಿರ್ರೆಂದಿತು. ಕುರ್ಚಿಯ ಕೈಯನ್ನು ಅವನು ಬಡಿಯುತ್ತಿದ್ದ. "ಸೋ..." ಎಂದ. "ಸೋ... ರು." ಅವಳು ತಿರುಗಿದಳು. ಅವನ ಬೆರಳು ಎಂಜಿನ್ನಿನ ಕಡೆಗಿತ್ತು. ಲಾಳಿಕೆ ಓರೆಯಾಗಿ, ಆಯಿಲ್ ಹೊರಗೆ ಸೋರಿ, ಕಬ್ಬಿಣದ ಮೇಲೆ ಹರಿದು ನೆಲಕ್ಕೆ ಇಳಿಯುತ್ತಿತ್ತು. ಅವಳು ಗಡಬಡಿಸಿ ಲಾಳಿಕೆ ನೆಟ್ಟಗೆ ಮಾಡಿದಳು, ಸೆರಗಿನಲ್ಲೇ ಒರೆಸಿದಳು. ತಾನು ಹೇಳಿದ್ದು ಅವನಿಗೆ ಕೇಳಿಸಿತೋ, ಅಥವಾ ಅಷ್ಟು ಹೊತ್ತೂ ಅವನು ಲಾಳಿಕೆಯನ್ನೇ ನೋಡುತ್ತಿದ್ದನೋ, ತಿಳಿಯಲಿಲ್ಲ. ಇನ್ನೊಂದು ಸಲ ಹೇಳುವ ಶಕ್ತಿ ಅವಳಲ್ಲಿ ಇರಲಿಲ್ಲ. ಅಳತೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು ಅವನ ಮುಂದೆ ಹಿಡಿದಳು. ಕಡ್ಡಿಯ ಎರಡು ಗೆರೆಗಳ ನಡುವೆ ಆಯಿಲ್ ನಿಂತಿತ್ತು. ಅವನು ಕಣ್ಣು ಕಿರಿದು ಮಾಡಿ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಅವಳ ಎಣ್ಣೆಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು, ಹಾಗೇ ಹಿಡಿದುಕೊಂಡು, ಬಿಟ್ಟ.

ಮಧ್ಯಾಹ್ನ ಮೂರಕ್ಕೆ ಇಬ್ಬರೂ ಕಾರಿನಲ್ಲೇ ಬಂದು ಮಾತಿನ ಟೀಚರ ಕೋಣೆಯಲ್ಲಿದ್ದರು. ಎರಡು ಕುರ್ಚಿ, ಒಂದು ಮೇಜು, ಗೋಡೆಗೆ ಕನ್ನಡಿ. ಅವಳಿಗೆ ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲು. "ಇವತ್ತು ಚಿತ್ರ ಬೇಡ ಅಂಕಲ್" ಎಂದಳು ಟೀಚರ್. "ಇವತ್ತು ಒಂದು ದಿನದ ಕಥೆ ಹೇಳಿ. ನೀವು ಆಸ್ಪತ್ರೆಗೆ ಬಂದ ದಿನ. ಏನೇನಾಯ್ತು, ಒಂದೊಂದೇ." ಆಮೇಲೆ ಬಾಗಿಲ ಕಡೆ ತಿರುಗಿ, "ಆಂಟಿ, ಮಧ್ಯೆ ಬಾಯಿ ಹಾಕಂಗಿಲ್ಲ" ಎಂದು ನಕ್ಕಳು. ಅವಳು ಬಾಗಿಲ ಕಡೆ ನೋಡಿದಳು. ಎದ್ದು ಹೊರಗೆ ಹೋಗಿಬಿಡಬಹುದಿತ್ತು, ನೀರು ಕುಡಿದು ಬರ್ತೀನಿ ಅಂತ. ಎದ್ದೇಳಲಿಲ್ಲ.

"ಲೋ... ಟ" ಎಂದ ಅವನು. "ಬೀ... ಳು."

"ಬಿತ್ತು. ಲೋಟ ಬಿತ್ತು. ಚೆನ್ನಾಗಿದೆ. ಆಮೇಲೆ?"

"ಕಾರು."

"ಹ್ಞೂಂ. ಕಾರು?"

ಅವನ ಕತ್ತಿನ ನರ ಬಿಗಿಯಿತು. ತುಟಿ ಎರಡು ಸಲ ಸುಮ್ಮನೆ ಆಡಿತು. "ನಿಲ್ಲು" ಎಂದ.

"ನಿಲ್ಲು ಅಂದ್ರೆ ನನಗೆ ಹೇಳಿದ ಹಾಗಾಯ್ತು ಅಂಕಲ್. ಕಾರು ತಾನೇ ನಿಂತ್ಕೊಂಡ್ತಾ? ಯಾರಾದ್ರೂ ನಿಲ್ಲಿಸಿದ್ರಾ? ಪೂರ್ತಿ ಹೇಳಿ. ಕೊನೆ ಬಿಡಬೇಡಿ."

ಕೊನೆ. ಕಾಯಿಲೆ ಅವನ ಮಾತುಗಳ ಕೊನೆಗಳನ್ನೇ ತಿಂದುಹಾಕಿತ್ತು. ಬೀಳು, ಹಾಕು, ನಿಲ್ಲು. ಯಾರು ಬಿದ್ದರು, ಯಾರು ಹಾಕಿದರು ಎಂಬುದು ಆ ಕೊನೆಯ ಒಂದು ಅಕ್ಷರದಲ್ಲಿತ್ತು. ಅವಳ ನಾಲಿಗೆಯ ತುದಿಗೆ ಒಂದು ಮಾತು ಬಂದು ಕೂತಿತು: ನಿಂತಿತು. ಕಾರು ನಿಂತಿತು, ತಾನಾಗಿ, ಯಾರ ತಪ್ಪೂ ಇಲ್ಲದೆ. ಹೇಳಿಕೊಟ್ಟರೆ ಅವನು ಅದನ್ನೇ ಹಿಡಿದುಕೊಂಡು ಹೇಳುತ್ತಿದ್ದ, ಟೀಚರ್ ಒಂದು ಸಲ ಗದರಿಸಿ ಮುಂದಕ್ಕೆ ಹೋಗುತ್ತಿದ್ದಳು. ಅವಳು ಕೆಳತುಟಿಯನ್ನು ಹಲ್ಲಿನಡಿ ಹಿಡಿದಳು. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು, ಸೊಟ್ಟಬಾಯಿ, ಹಣೆಯ ಬೆವರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ಗದ್ದವನ್ನು ಬಿಟ್ಟು ಕಣ್ಣನ್ನು ನೋಡಿದಳು.

"ನಿಲ್ಲಿ..." ಎಂದ ಅವನು. "ನಿಲ್ಲಿ... ಸಿ..."

ಟೀಚರ್ ಕಾಯುತ್ತಿದ್ದಳು. ಹೊರಗೆ ಕಾರಿಡಾರಿನಲ್ಲಿ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದರು. 'ದಳು' ಎನ್ನಲಿ, ಎಂದುಕೊಂಡಳು ಅವಳು. ಅಂದುಬಿಡಲಿ.

"ನಿಲ್ಲಿಸಿ... ದ್... ವಿ."

"ನಿಲ್ಲಿಸಿದ್ವಿ! ಯಾರು?"

ಅವನ ಎಡಗೈ ಮೇಲೆದ್ದು ಅವನ ಎದೆಯನ್ನೇ ಮುಟ್ಟಿತು, ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಬಾಗಿಲ ಕಡೆಗೆ, ಅವಳ ಕಡೆಗೆ, ಗಾಳಿಯಲ್ಲಿ ಒಂದು ಗೆರೆ ಎಳೆಯಿತು. "ನಾ... ವು" ಎಂದ.

"ಶಭಾಷ್" ಎಂದು ಟೀಚರ್ ಹಾಳೆಯ ಮೇಲೆ ಬರೆದುಕೊಂಡಳು. ಬರೆಯುತ್ತಲೇ, ತಲೆಯೆತ್ತದೆ, "ಎಷ್ಟು ಹೊತ್ತು ನಿಲ್ಲಿಸಿದ್ರಿ?" ಎಂದಳು.

"ನಲವತ್ತು ನಿಮಿಷ" ಎಂದಳು ಅವಳು. ದನಿ ಎಷ್ಟು ಗಟ್ಟಿಯಾಗಿ ಬಂದಿತೆಂದರೆ ಅವಳೇ ಬೆಚ್ಚಿದಳು.

"ಆಂಟಿ, ನೀವಲ್ಲ" ಎಂದಳು ಟೀಚರ್. "ಅವರು ಹೇಳಲಿ."

ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅವನು ಹೇಳಲಿ ಎಂದು ಕಾದಳು.